ಕೊಳೆಯಲು ಬಿಟ್ಟವರೇ ಕೊಳೆತಿದೆಯೆಂದು ಬೆಲೆ ಕಟ್ಟಿದರು

ನಮ್ಮ ಟವರನ್ನು ಕೆಡವಿ ಹೊಸ ಮನೆಗಳನ್ನು ಕಟ್ಟಲು ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಯೋಜನೆ ಹಾಕಿದೆ. ಕೆಡವಬಾರದೆಂದು ನಾನು ಹೇಳುತ್ತಿಲ್ಲ. ದಕ್ಷಿಣ ಲಂಡನ್ನಿನ ಈ ಕೌನ್ಸಿಲ್ ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ ಹದಿನೇಳು ವರ್ಷ ಬಾಳಿದವಳಿಗೆ ಅದರ ಗೋಡೆ ಎಲ್ಲಿ ಸೋರುತ್ತದೆ, ಲಿಫ್ಟು ವಾರಕ್ಕೆ ಎಷ್ಟು ದಿನ ಕೆಟ್ಟಿರುತ್ತದೆ ಎಂಬುದನ್ನು ಯಾವ ಎಂಜಿನಿಯರೂ ಬಂದು ಹೇಳಬೇಕಾಗಿಲ್ಲ. ಹೊಟ್ಟೆ ಉರಿಯುತ್ತಿರುವುದು ಬೇರೆ ಕಾರಣಕ್ಕೆ. ಹತ್ತು ವರ್ಷ ಸರಿಯಾಗಿ ರಿಪೇರಿ ಮಾಡಿಸದೆ ಕಟ್ಟಡವನ್ನು ಕೊಳೆಯಲು ಬಿಟ್ಟವರೇ ಈಗ ಬೆಲೆ ಕಟ್ಟುವವನೊಬ್ಬನನ್ನು ಕಳಿಸಿ, ಮನೆ ಕೊಳೆತಿದೆಯೆಂದು ಬರೆಸಿಕೊಂಡು, ಕೊಳೆತ ಮನೆಗೆ ತಕ್ಕ ದುಡ್ಡನ್ನು ನನ್ನ ಕೈಗಿಡಲು ಹೊರಟಿದ್ದಾರಲ್ಲ, ಅದಕ್ಕೆ.

ಊರಿನಲ್ಲಿರುವ ಅಣ್ಣನಿಗೆ ಇದು ಅರ್ಥವಾಗುವುದಿಲ್ಲ. "ಲಂಡನ್ನಿನಲ್ಲಿ ಸ್ವಂತ ಮನೆಯಿದೆ, ನಿನಗೇನಮ್ಮ ಕಷ್ಟ" ಎನ್ನುತ್ತಾನೆ. ಸ್ವಂತವೆಂದರೆ 125 ವರ್ಷದ ಲೀಸಿನಲ್ಲಿ ಇನ್ನು ಉಳಿದಷ್ಟು ವರ್ಷ ಮಾತ್ರ ಸ್ವಂತ. 1980ರ ಹೌಸಿಂಗ್ ಆಕ್ಟಿನ ಮೂಲಕ ಥ್ಯಾಚರ್ ಸರ್ಕಾರ ಕೌನ್ಸಿಲ್ ಬಾಡಿಗೆದಾರರಿಗೆ ತಾವಿದ್ದ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು. ಹಾಗೆ ಕೊಂಡವರೊಬ್ಬರಿಂದ ನಾವು ಕೊಂಡೆವು. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ನಡೆದುಕೊಂಡೇ ಬರುವಷ್ಟು ಹತ್ತಿರ, ನರ್ಸಿನ ಸಂಬಳಕ್ಕೆ ಬ್ಯಾಂಕು ಸಾಲ ಕೊಡುವಷ್ಟು ಅಗ್ಗ, ಇವೆರಡೂ ಒಟ್ಟಿಗೆ ಸಿಕ್ಕುವ ಮನೆ ಈ ಊರಿನಲ್ಲಿ ಬೇರೆ ಇರಲಿಲ್ಲ. ಹೊರಗೋಡೆ, ಚಾವಣಿ, ಲಿಫ್ಟು, ಮೆಟ್ಟಿಲು ಎಲ್ಲವೂ ಕೌನ್ಸಿಲಿನದು. ಅವುಗಳ ಖರ್ಚಿನ ಪಾಲು ಮಾತ್ರ ನಮ್ಮದು.

ಇಂಥ ಕಟ್ಟಡಗಳು ಹುಟ್ಟಿದ್ದೇ ಅವಸರದಲ್ಲಿ. ಆರು ಮಹಡಿಗಿಂತ ಎತ್ತರಕ್ಕೆ ಹೋದಷ್ಟೂ ಹೆಚ್ಚು ಸಹಾಯಧನ ಕೊಡುವ ಪದ್ಧತಿಯನ್ನು 1956ರಲ್ಲಿ ತಂದ ಮೇಲೆ, ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ತಂದು ಇಸ್ಪೀಟೆಲೆಯ ಮನೆಯಂತೆ ಒಂದರ ಮೇಲೊಂದು ಜೋಡಿಸಿದರು. 1968ರ ಮೇ 16ರ ಬೆಳಗಿನ ಜಾವ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಟವರಿನಲ್ಲಿ ಮಹಿಳೆಯೊಬ್ಬರು ಚಹಾಕ್ಕೆಂದು ಒಲೆ ಹಚ್ಚಿದಾಗ ಅನಿಲ ಸ್ಫೋಟಿಸಿ, ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೂ ಕುಸಿದು ನಾಲ್ವರು ಸತ್ತರು. ಜನ ಅಲ್ಲಿ ವಾಸಕ್ಕೆ ಬಂದು ಆಗಿನ್ನೂ ಎರಡೇ ತಿಂಗಳಾಗಿತ್ತು. ಅರ್ಧ ಶತಮಾನ ಕಳೆದ ಮೇಲೆ, 2017ರ ಜೂನ್ 14ರಂದು ಗ್ರೆನ್‌ಫೆಲ್ ಟವರಿನ ಬೆಂಕಿ 72 ಜನರನ್ನು ಬಲಿ ತೆಗೆದುಕೊಂಡ ನಂತರ, ಇತರ ಟವರುಗಳ ತಪಾಸಣೆಗೂ ಚುರುಕು ಮುಟ್ಟಿತು. ಅದೇ ವರ್ಷ, ಹೀಗೆಯೇ ಹಲಗೆ ಜೋಡಿಸಿ ಕಟ್ಟಿದ ಪೆಕ್ಹ್ಯಾಮಿನ ಲೆಡ್‌ಬರಿ ಎಸ್ಟೇಟಿನ (ಕೌನ್ಸಿಲ್ ಮನೆಗಳ ಬಡಾವಣೆಗೆ ಇಲ್ಲಿ ಎಸ್ಟೇಟು ಎನ್ನುತ್ತಾರೆ) ನಾಲ್ಕು ಟವರುಗಳಿಗೆ, ಅನಿಲ ಸ್ಫೋಟಿಸಿದರೆ ಕುಸಿದಾವೆಂದು, ಅನಿಲ ನಿಲ್ಲಿಸಿದರು. ಆಮೇಲೆ ನಮಗೂ ನಿಲ್ಲಿಸಿದರು.

ಜೀವಕ್ಕಿಂತ ಗ್ಯಾಸು ಹೆಚ್ಚಲ್ಲ, ಒಪ್ಪುತ್ತೇನೆ. ಆದರೆ ಒಲೆಯ ಬದಲಿಗೆ ಅವರು ಕೊಟ್ಟದ್ದು ಎರಡು ಬಿಲ್ಲೆಯ ಒಂದು ಕರೆಂಟ್ ಒಲೆ, "ತಾತ್ಕಾಲಿಕ" ಎಂದು ಹೇಳಿ. ಅದರ ಮೇಲೆ ಒಗ್ಗರಣೆ ಸೌಟು ನಿಲ್ಲುವುದಿಲ್ಲ; ಕೈಯಲ್ಲಿ ಓರೆಯಾಗಿ ಹಿಡಿದುಕೊಂಡು ಸಾಸಿವೆ ಸಿಡಿಯುವವರೆಗೆ ಕಾಯಬೇಕು, ಅಷ್ಟರಲ್ಲಿ ಪಕ್ಕದ ಅನ್ನ ತಳ ಹಿಡಿದಿರುತ್ತದೆ. ಆ ತಾತ್ಕಾಲಿಕ ಒಲೆಯಲ್ಲೇ ನಮ್ಮ ಮಗಳು ಶಾಲೆ ಮುಗಿಸಿ ಕಾಲೇಜಿಗೂ ಹೋದಳು.

ಇನ್ನು ಬೂಷ್ಟಿನ ಕಥೆ. ಹಲಗೆಗಳ ಸಂದಿಯಿಂದ ಮಳೆನೀರು ಒಳಗಿಳಿದು, ಮಲಗುವ ಕೋಣೆಯ ಬೀರುವಿನ ಹಿಂದಿನ ಗೋಡೆ ಪೂರ್ತಿ ಕಪ್ಪಾಗಿದೆ. ನನ್ನ ಧಾರೆ ಸೀರೆಯ ಮಡಿಕೆಯುದ್ದಕ್ಕೂ ಬೂಷ್ಟು ಹತ್ತಿದ್ದನ್ನು ಕಂಡು ದೂರು ಕೊಟ್ಟೆ. ಬಂದ ಅಧಿಕಾರಿ ಗೋಡೆಯನ್ನು ಮುಟ್ಟಿಯೂ ನೋಡದೆ, ಅಡುಗೆಮನೆಯತ್ತ ಕಣ್ಣು ಹಾಯಿಸಿ, ನೀವು ಅನ್ನ ಬೇಯಿಸುವುದು ಹೆಚ್ಚು, ಬಟ್ಟೆಯನ್ನು ಮನೆಯೊಳಗೇ ಒಣಹಾಕುತ್ತೀರಿ, ಕಿಟಕಿ ತೆರೆದಿಡಿ ಎಂದು ಉಪದೇಶಿಸಿ ಹೋದ. ಜನವರಿಯಲ್ಲಿ, ಹನ್ನೊಂದನೆಯ ಮಹಡಿಯಲ್ಲಿ, ಕಿಟಕಿ!

ಅದೇ ಕಪ್ಪು ಗೋಡೆಯನ್ನು ಈ ವರ್ಷ ಬಂದ ಬೆಲೆ ಕಟ್ಟುವವನು ಮಾತ್ರ ಬಹಳ ಶ್ರದ್ಧೆಯಿಂದ ನೋಡಿದ. ನಾಲ್ಕು ಫೋಟೋ ತೆಗೆದ. ಯೋಜನೆಯ ಕಾರಣದಿಂದ ಮನೆಯ ಬೆಲೆ ಇಳಿದಿದ್ದರೆ ಆ ಇಳಿತವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಕಡ್ಡಾಯ ಸ್ವಾಧೀನದ ಕಾನೂನು ಹೇಳುತ್ತದೆ. ಅಲ್ಲಿಯೇ ವಾಸವಿರುವ ಮಾಲೀಕರಿಗೆ ಮಾರುಕಟ್ಟೆ ಬೆಲೆಯ ಮೇಲೆ ನೂರಕ್ಕೆ 10ರಷ್ಟು ಪರಿಹಾರವನ್ನೂ ಕೊಡಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಯೋಜನೆಯೆಂಬ ಪದ ಕಾಗದದ ಮೇಲೆ ಬರುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಶುರುವಾದ ಅಲಕ್ಷ್ಯಕ್ಕೆ ಯಾರು ಹೊಣೆ? ಅವರ ಲೆಕ್ಕದಲ್ಲಿ ಅದು ಯೋಜನೆಯ ಫಲವಲ್ಲ, ಮನೆಯ "ಸ್ಥಿತಿ". ಹೀಗೆ ಕಟ್ಟಿದ ಬೆಲೆಗೆ, ಶೇಕಡಾ ಹತ್ತನ್ನು ಸೇರಿಸಿಕೊಂಡರೂ, ಇದೇ ಬೀದಿಯಲ್ಲಿ ಏಳುತ್ತಿರುವ ಹೊಸ ಕಟ್ಟಡದಲ್ಲಿ ಒಂದು ಕೋಣೆಯ ಮನೆಯ ಅರ್ಧವಷ್ಟೇ ಬರುತ್ತದೆ. ಉಳಿದರ್ಧ ಅವರದೇ ಆಗಿರಲಿ, ಪಾಲುದಾರಳಾಗಿ ಬಂದು ಇರಿ ಎನ್ನುತ್ತಾರೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಸಾಲ ತೀರುತ್ತ ಬಂದ ಮನೆಯನ್ನು ಬಿಟ್ಟು ಅರ್ಧ ಮನೆಗೆ.

ಎದುರು ಮನೆಯ ಜಮೈಕಾದ ಅಜ್ಜಿ ಕೌನ್ಸಿಲಿನ ಬಾಡಿಗೆದಾರರು. ಕಟ್ಟಡ ಹೊಸದಾಗಿದ್ದಾಗಿನಿಂದ ಇಲ್ಲಿದ್ದಾರೆ. ಅವರನ್ನು "ಡೀಕ್ಯಾಂಟ್" ಮಾಡುತ್ತಾರಂತೆ, ಅಂದರೆ ಕೆಡವಿ ಕಟ್ಟುವವರೆಗೆ ಬೇರೆಡೆಗೆ ಸಾಗಿಸುತ್ತಾರಂತೆ. ಹುಳಿಯನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸುವಾಗ ಹೇಳಬೇಕಾದ ಈ ಮಾತನ್ನು ಮನುಷ್ಯರ ಬಗ್ಗೆ ಹೇಳಲು ಇವರಿಗೆ ನಾಲಿಗೆ ಹೇಗೆ ಹೊರಳುತ್ತದೋ ತಿಳಿಯದು. ಹೊಸ ಮನೆ ಮುಗಿದ ಮೇಲೆ ವಾಪಸು ಬರುವ ಹಕ್ಕಿದೆಯೆಂದು ಪತ್ರದಲ್ಲಿ ಬರೆದಿದೆ. ಎಂಬತ್ತಮೂರರ ಅಜ್ಜಿ ಆ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿ, ಯಾವ ವರ್ಷಕ್ಕೆ ಎಂದಷ್ಟೇ ಕೇಳಿದರು. ಪತ್ರದಲ್ಲಿ ವರ್ಷವಿರಲಿಲ್ಲ.

ಇದು ಬರೀ ಅನುಮಾನವಲ್ಲ, ಕಣ್ಣೆದುರಿಗಿನ ಚರಿತ್ರೆ. ಇದೇ ದಕ್ಷಿಣ ಲಂಡನ್ನಿನ ಎಲಿಫೆಂಟ್ ಅಂಡ್ ಕ್ಯಾಸಲ್ ಎಂಬಲ್ಲಿನ ಹೇಗೇಟ್ ಎಸ್ಟೇಟಿನಲ್ಲಿ ಸುಮಾರು 1,200 ಮನೆಗಳಿದ್ದವು. ಅದನ್ನು ಕೆಡವಿ 2,500ಕ್ಕೂ ಹೆಚ್ಚು ಮನೆ ಕಟ್ಟಲು ಅನುಮತಿ ಕೊಟ್ಟಾಗ, ಅವುಗಳಲ್ಲಿ ಹಳೆಯ ಕೌನ್ಸಿಲ್ ದರದ ಬಾಡಿಗೆಗೆ ಇಟ್ಟವು ನೂರನ್ನೂ ಮುಟ್ಟಲಿಲ್ಲ. 2011ರಿಂದ "ಕೈಗೆಟುಕುವ ಬಾಡಿಗೆ" ಎಂಬ ಇನ್ನೊಂದು ಪದ ಬಂದಿದೆ. ಮಾರುಕಟ್ಟೆ ಬಾಡಿಗೆಯ ಶೇಕಡಾ 80ರವರೆಗೂ ಅದು ಕೈಗೆಟುಕುವುದೇ. ಯಾರ ಕೈ ಎಂದು ಕೇಳಬಾರದು. ಪಕ್ಕದ ಏಲ್ಸ್‌ಬರಿ ಎಸ್ಟೇಟಿನಲ್ಲಿ ಟೋನಿ ಬ್ಲೇರ್ ಪ್ರಧಾನಿಯಾದ ಹೊಸದರಲ್ಲಿ, 1997ರ ಜೂನ್ 2ರಂದು, ಇನ್ನು ಮುಂದೆ ಯಾರನ್ನೂ ಮರೆಯುವುದಿಲ್ಲವೆಂದು ಭಾಷಣ ಮಾಡಿದ್ದರು. ಅಲ್ಲಿನ ಲೀಸ್‌ಹೋಲ್ಡರುಗಳ, ಅಂದರೆ ನಮ್ಮಂತೆ ಲೀಸಿನ ಮೇಲೆ ಮನೆ ಕೊಂಡವರ, ಮಾನವಹಕ್ಕಿನ ಪ್ರಶ್ನೆಯೆತ್ತಿ 2016ರಲ್ಲಿ ಮಂತ್ರಿಗಳು ಕಡ್ಡಾಯ ಸ್ವಾಧೀನವನ್ನು ತಿರಸ್ಕರಿಸಿದಾಗ ನಮ್ಮ ಮೆಟ್ಟಿಲುಗಳಲ್ಲಿ ಹಬ್ಬದ ವಾತಾವರಣವಿತ್ತು. ಆ ತೀರ್ಮಾನವೂ ಕಡೆಗೆ ನಿಲ್ಲಲಿಲ್ಲ.

ನಮ್ಮಲ್ಲಿ ಮತದಾನ ನಡೆಯಿತಲ್ಲ ಎಂದು ಯಾರಾದರೂ ಕೇಳಬಹುದು. ಮೇಯರ್ ಸಾದಿಕ್ ಖಾನ್ 2018ರಲ್ಲಿ ತಂದ ನಿಯಮದಂತೆ, ನಗರದ ಹಣ ಬೇಕಾದ ದೊಡ್ಡ ಯೋಜನೆಗಳಿಗೆ ನಿವಾಸಿಗಳ ಒಪ್ಪಿಗೆ ಬೇಕು. ನಡೆಯಿತು, ಹೌದು. ಮತದಾನಕ್ಕೆ ಮುಂಚೆ ಬಂದ ನುಣುಪು ಕಾಗದದ ಪುಸ್ತಿಕೆಯಲ್ಲಿ ಬಾಲ್ಕನಿಗೊಂದು ಗಿಡ, ಗಿಡದ ಪಕ್ಕ ಕಾಫಿ ಹಿಡಿದ ದಂಪತಿ. ಒಂದು ಚಿತ್ರದಲ್ಲೂ ಒಣಹಾಕಿದ ಬಟ್ಟೆಯಿಲ್ಲ, ಒಬ್ಬ ಅಜ್ಜಿಯಿಲ್ಲ. ಹೌದು ಎಂದರೆ ಹೊಸ ಮನೆ, ಇಲ್ಲ ಎಂದರೆ ಇದೇ ಕೆಟ್ಟ ಲಿಫ್ಟು. ಇಂಥ ಪ್ರಶ್ನೆಗೆ ಜನ ಹೌದು ಎನ್ನದೆ ಇನ್ನೇನು ಅಂದಾರು? ನಾನೂ ಹೌದು ಎಂದೇ ಗುರುತು ಹಾಕಿದೆ.

ಮತದಾನಕ್ಕೆ ಎರಡು ವರ್ಷ ಮೊದಲು ಚಾವಣಿ ದುರಸ್ತಿಯೆಂದು ಲೀಸ್‌ಹೋಲ್ಡರುಗಳಿಗೆಲ್ಲ ಬಿಲ್ಲು ಬಂದಿತ್ತು. ನನ್ನ ಪಾಲು ನನ್ನ ಅರ್ಧ ವರ್ಷದ ಸಂಬಳದಷ್ಟಿದ್ದುದರಿಂದ ಕಂತು ಮಾಡಿಸಿಕೊಂಡೆ. ನೀವೇ ಕೆಡವಲಿರುವ ಚಾವಣಿಯ ಉಳಿದ ಕಂತುಗಳನ್ನಾದರೂ ಬಿಟ್ಟುಬಿಡಿ ಎಂದು ಕಳೆದ ತಿಂಗಳ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ವೇದಿಕೆಯಲ್ಲಿದ್ದವರು ಬರೆದುಕೊಂಡರು. ನಿನ್ನೆ ಉತ್ತರ ಬಂದಿದೆ: ಕಂತು ಎಂದಿನಂತೆ ಪ್ರತಿ ತಿಂಗಳ ಒಂದನೆಯ ತಾರೀಖು ಖಾತೆಯಿಂದ ಕಡಿತವಾಗುತ್ತದೆ.