ಎಷ್ಟು ಲೀಟರಿನದ್ದು ಅಂತ ಕೇಳಿದರೆ ನನಗೆ ಸಿಟ್ಟು ಬರುತ್ತದೆ

ಬೆಳಿಗ್ಗೆ ತಮ್ಮನ ಮನೆಗೆ ಹೋಗಿ ಬಂದೆ. ಬಂದಾಗಿನಿಂದ ತಲೆ ಕಾದಿದೆ. ಅವನ ಬಚ್ಚಲಿನಲ್ಲಿ ನೀರು ಅಷ್ಟು ಕಾದಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಹಳೇ ಗೀಸರ್ ಸೋರಲು ಶುರುವಾಗಿತ್ತಂತೆ. ಅದನ್ನು ಕಿತ್ತು ಟ್ಯಾಂಕ್ ಇಲ್ಲದ ಹೊಸ ಇನ್‌ಸ್ಟಂಟ್ ಹೀಟರ್ ಹಾಕಿಸಿದ್ದಾರೆ. ಗೋಡೆಯ ಮೇಲೆ ಒಂದು ದಪ್ಪ ಪುಸ್ತಕದಷ್ಟೇ ಜಾಗ. ಬೆರಳಿಟ್ಟರೆ ಟಿಂಕ್ ಅನ್ನುತ್ತದೆ, ನೀಲಿ ಅಂಕಿ ಹೊಳೆಯುತ್ತದೆ. ತಮ್ಮನ ಮಗ ಹೆಮ್ಮೆಯಿಂದ "ಅತ್ತೆ, ಸ್ವಿಚ್ ಹಾಕಿ ಕಾಯೋ ಗೋಜೇ ಇಲ್ಲ" ಅಂದ. ಶವರ್ ತಿರುಗಿಸಿ ಕೈಯೊಡ್ಡಿದೆ. ಒಂದು ನಿಮಿಷ ಆಯಿತು, ಎರಡು ನಿಮಿಷ ಆಯಿತು. ಡಿಸ್‌ಪ್ಲೇಯಲ್ಲಿ 45 ಡಿಗ್ರಿ. ಕೈಗೆ ಬೀಳುತ್ತಿರುವುದು ಮಳೆನೀರಿನಂಥದ್ದು. "ಅದು ಸೆಟ್ ಮಾಡಿದ್ದು ಅತ್ತೆ, ಬರೋದಲ್ಲ" ಅಂದ. ಆಹಾ! ಹಾಗಾದರೆ 90 ಅಂತಲೇ ಬರೆದುಬಿಡಬಹುದಿತ್ತು, ಅಲ್ವಾ?

"ತಗೊಳ್ಳುವಾಗ ಏನು ಕೇಳಿದೆ?"

"ಎಷ್ಟು ಲೀಟರಿನದ್ದು ಅಂತ ಕೇಳಿದೆ. ಟ್ಯಾಂಕೇ ಇಲ್ಲವಲ್ಲ, ಲೀಟರಿನ ಚಿಂತೆ ಬೇಡ, ನೀರು ಬರ್ತಾನೇ ಇರುತ್ತೆ ಅಂದರು."

ಬರುತ್ತಲೇ ಇರುತ್ತದೆ, ನಿಜ. ನಲ್ಲಿ ಬಿಟ್ಟರೆ ನೀರು ಬರುತ್ತದೆ ಅನ್ನುವುದನ್ನೂ ಈಗ ಮಾರುತ್ತಾರೆ.

ನಾನು ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು ಅಂತ ನಿಮಗೆ ಹೇಳಬೇಕಿಲ್ಲ. ನನ್ನ ಫ್ರೆಂಡ್ಸ್ ಪಟ್ಟಿಯಲ್ಲಿರುವ ಅರ್ಧ ಜನ ನನ್ನ ಕ್ಲಾಸಿನಲ್ಲಿ ಕೂತವರೇ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು ಅಂತ ಬೋರ್ಡಿನ ಮೇಲೆ ಬರೆಸಿದ್ದು ನೆನಪಿದೆಯಾ? ನಿಮಿಷಕ್ಕೆ 60 ಸೆಕೆಂಡು, ಸೆಕೆಂಡಿಗೆ ಒಂದು ಜೂಲ್ ಅಂದರೆ ಒಂದು ವ್ಯಾಟ್. ಹಾಗಾಗಿ ಅದನ್ನು 60ರಿಂದ ಭಾಗಿಸಿ. 70 ಬರುತ್ತದೆ. ಅಂದರೆ ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರನ್ನು ಒಂದು ಡಿಗ್ರಿ ಏರಿಸಲು 70 ವ್ಯಾಟ್. ಟ್ಯಾಂಕ್ ಇಲ್ಲದ ಹೀಟರ್ ಕೊಳ್ಳುವವರಿಗೆ ಬೇಕಾದ ಲೆಕ್ಕ ಇದೇ. ಅದು ಯಾವ ಡಬ್ಬದ ಮೇಲೂ ದೊಡ್ಡ ಅಕ್ಷರದಲ್ಲಿ ಕಂಡಿಲ್ಲ ನನಗೆ. ದೊಡ್ಡ ಅಕ್ಷರದಲ್ಲಿರುವುದು 'ಇನ್‌ಸ್ಟಂಟ್'.

ಸುಮ್ನೆ ಬೈದು ಬರುವ ಜಾಯಮಾನ ನನ್ನದಲ್ಲ. 10 ಲೀಟರಿನ ಬಕೆಟ್ ತರಿಸಿದೆ. ಶವರ್ ಕೆಳಗಿಟ್ಟು ಮೊಬೈಲಿನಲ್ಲಿ ಟೈಮ್ ನೋಡಿದೆವು. 75 ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 8 ಲೀಟರ್. ಹೀಟರ್ ನಾಲ್ಕೂವರೆ ಕಿಲೋವ್ಯಾಟಿನದ್ದು. 4,500 ಅನ್ನು 70ರಿಂದ, ಮತ್ತೆ 8ರಿಂದ ಭಾಗಿಸಿ. ಎಂಟು ಡಿಗ್ರಿ! ನಲ್ಲಿಯ ನೀರು 22 ಡಿಗ್ರಿ ಇದ್ದರೆ ಶವರಿನಲ್ಲಿ 30. ಮೈಗೆ ಹಿತ ಅನ್ನಿಸಲು 38, 40 ಬೇಕು. ಹೀಟರ್ ಕೆಟ್ಟಿಲ್ಲ ಕಣ್ರೀ. ಅದು ಪಾಪ, ಮೈಮುರಿದು ದುಡಿಯುತ್ತಿದೆ. ಅದರ ತಲೆ ಮೇಲೆ ಎರಡು ಪಟ್ಟು ಭಾರ ಹೊರಿಸಿದ್ದಾರೆ, ಅಷ್ಟೇ.

40 ಬೇಕಾದರೆ ಹರಿವನ್ನು ಮೂರೂವರೆ ಲೀಟರಿಗೆ ಇಳಿಸಬೇಕು. ಅಷ್ಟು ಇಳಿಸಿದರೆ ಶವರಿನಲ್ಲಿ ಮೂರು ಎಳೆ ನೀರು ಬಂದು ಒಂದು ಭುಜ ಮಾತ್ರ ಒದ್ದೆಯಾಗುತ್ತದೆ. ಇನ್ನೂ ಸ್ವಲ್ಪ ತಿರುಗಿಸಿದೆವು ಅನ್ನಿ, ಹೀಟರ್ ಆರಿಯೇ ಹೋಗುತ್ತದೆ. ಇಂಥ ಹೀಟರಿನೊಳಗೆ ಹರಿವು ಗುರುತಿಸುವ ಸೆನ್ಸರ್ ಇರುತ್ತದೆ. ಹರಿವು ಕಡಿಮೆಯಾದರೆ ಕಾಯಿಲ್ ಸುಟ್ಟುಹೋಗದಿರಲಿ ಅಂತ ಅದು ಕರೆಂಟ್ ಕಡಿದುಬಿಡುತ್ತದೆ. ಜಾಸ್ತಿ ಬಿಟ್ಟರೆ ತಣ್ಣಗೆ, ಕಡಿಮೆ ಬಿಟ್ಟರೆ ಪೂರಾ ತಣ್ಣಗೆ. ತಾರಸಿಯ ಟ್ಯಾಂಕಿನ ಕೆಳಗೇ ಬಚ್ಚಲು ಇರುವವರು ಇದನ್ನು ಎರಡು ಸಲ ಓದಿ. ಎರಡು ಮೀಟರ್ ಎತ್ತರದ ನೀರಿಗೆ ಸಿಗುವ ಒತ್ತಡ 0.2 ಬಾರ್ ಅಷ್ಟೇ. ನಿಮ್ಮ ಹೀಟರ್ ಆನ್ ಆಗಲು ಎಷ್ಟು ಒತ್ತಡ ಬೇಕು ಅಂತ ಅದರ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ದುಡ್ಡು ಕೊಟ್ಟ ಮೇಲೆ ಕೈಗೆ ಸಿಗುವ ಪುಸ್ತಕ ಅದು.

ಇನ್ನು ಈ ಲೀಟರಿನ ವಿಷಯ. ನನಗೆ ಉರಿಯುವುದೇ ಇಲ್ಲಿ. ಗೋಡೆಗೆ ಹಾಕುವ ಸಣ್ಣ ಕರೆಂಟ್ ಗೀಸರಿನ ಮೇಲೆ '3 ಲೀಟರ್ ಇನ್‌ಸ್ಟಂಟ್' ಅಂತ ಇರುತ್ತದೆ. ಅಲ್ಲಿ 3 ಲೀಟರ್ ಅಂದರೆ ಒಳಗಿರುವ ಪುಟ್ಟ ಟ್ಯಾಂಕಿನ ಅಳತೆ. ಹೌದು, ಟ್ಯಾಂಕ್ ಇದೆ! ಮೊದಲ ಮೂರು ಚೊಂಬು ಸುಡುತ್ತದೆ, ನಾಲ್ಕನೆಯದಕ್ಕೆ ಮೈ ಜುಮ್ಮೆನ್ನುತ್ತದೆ. ಪಕ್ಕದಲ್ಲೇ ಗ್ಯಾಸ್ ಗೀಸರ್ ಇಟ್ಟಿರುತ್ತಾರೆ, ಅದರ ಮೇಲೆ '6 ಲೀಟರ್'. ಅಲ್ಲಿ 6 ಲೀಟರ್ ಅಂದರೆ ನಿಮಿಷಕ್ಕೆ ಹರಿಯುವ ನೀರು, ಸಾಮಾನ್ಯವಾಗಿ 25 ಡಿಗ್ರಿ ಏರಿಕೆಗೆ ಹೇಳಿದ್ದು. ಒಂದು ಪಾತ್ರೆಯ ಅಳತೆ, ಇನ್ನೊಂದು ಹರಿವಿನ ಅಳತೆ. ಒಂದೇ ಪದ! ಇದನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ಏಕಮಾನ ತಪ್ಪು ಅಂತ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ.

ಆ ಗ್ಯಾಸ್ ಗೀಸರಿನ ಲೆಕ್ಕ ಹಾಕಿ ನೋಡಿ. 6 ಲೀಟರ್, 25 ಡಿಗ್ರಿ, 70 ವ್ಯಾಟ್. ಹತ್ತೂವರೆ ಕಿಲೋವ್ಯಾಟ್. ಅದಕ್ಕೇ ಗ್ಯಾಸಿನ ನೀರು ಧಾರಾಳವಾಗಿ ಬಿಸಿ ಬರುತ್ತದೆ. ಅಷ್ಟನ್ನೇ ಕರೆಂಟಿನಲ್ಲಿ ಕೇಳಿದರೆ 230 ವೋಲ್ಟಿನಲ್ಲಿ 45 ಆಂಪಿಯರಿಗೂ ಜಾಸ್ತಿ. ಹಾಗಂತ ಗ್ಯಾಸ್ ತಂದು ಬಚ್ಚಲಿನ ಒಳಗೆ ನೇತುಹಾಕುವವರನ್ನು ನೋಡಿದರೆ ನನಗೆ ಸಿಟ್ಟಲ್ಲ, ಭಯ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವುದು ಗೊತ್ತಾಗುವ ಹೊತ್ತಿಗೆ ಬಾಗಿಲ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಹೀಟರ್ ಗಾಳಿಯಾಡುವ ಕಡೆ, ಬಚ್ಚಲಿನ ಹೊರಗೆ ಇರಲಿ. ಹೊಗೆಯ ಕೊಳವೆ ಮನೆಯಿಂದ ಹೊರಕ್ಕೆ ಹೋಗಲಿ. ತಮಾಷೆ ಏನೆಂದರೆ, 1868ರಲ್ಲಿ ಲಂಡನ್ನಿನ ಪೇಂಟರ್ ಬೆಂಜಮಿನ್ ವಾಡಿ ಮಾಘನ್ ಮಾಡಿದ ಗೀಸರ್ ಕೂಡ ಗ್ಯಾಸಿನದ್ದೇ, ಟ್ಯಾಂಕ್ ಇಲ್ಲದ್ದೇ. ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯ ಹೆಸರು ಅದಕ್ಕೆ ಅಂಟಿಕೊಂಡಿತು. ಅದಕ್ಕೆ ಹೊಗೆ ಕೊಳವೆ ಇರಲಿಲ್ಲ. ನಾವು ಅಲ್ಲೇ ಇದ್ದೇವೆ.

ಕರೆಂಟಿನ ವಿಷಯಕ್ಕೆ ಬಂದರೆ, ತಮ್ಮನ ಮನೆಯಲ್ಲಿ ನಾನು ನಿಜವಾಗಿ ಕೂಗಾಡಿದ್ದು ಸ್ವಿಚ್ ಮುಟ್ಟಿ ನೋಡಿದ ಮೇಲೆ. ಬೆಚ್ಚಗಿತ್ತು! ಇಡೀ ಬಚ್ಚಲಿನಲ್ಲಿ ಸರಿಯಾಗಿ ಬಿಸಿಯಾಗಿದ್ದು ಅದೊಂದೇ. ನಾಲ್ಕೂವರೆ ಕಿಲೋವ್ಯಾಟ್ ಅಂದರೆ ಹತ್ತಿರ ಹತ್ತಿರ 20 ಆಂಪಿಯರ್. ಹಳೇ ಗೀಸರಿನ 16 ಆಂಪಿಯರ್ ಪಾಯಿಂಟಿಗೇ ಸಿಕ್ಕಿಸಿ ಹೋಗಿದ್ದಾನೆ ಹೀಟರ್ ಕೂರಿಸಿದ ಮಹಾನುಭಾವ. ಇಂಥದ್ದಕ್ಕೆ ಬೋರ್ಡಿನಿಂದಲೇ ಬೇರೆ ಲೈನ್ ಬೇಕು. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಲೋಡ್ ಮೀರಿದರೆ ಲೈನ್ ಕಡಿಯಲು ಅದಕ್ಕೆ ಹೊಂದುವ ಎಂಸಿಬಿ, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಕ್ಷಣ ಕಡಿಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಒದ್ದೆ ಮೈಯಲ್ಲಿ ನಿಲ್ಲುವ ಜಾಗ ಸ್ವಾಮಿ ಅದು.

"ಅತ್ತಿಗೆ, ಎಷ್ಟೊಂದು ಮನೆಯಲ್ಲಿ ಇದೇ ಹಾಕಿಸಿದ್ದಾರೆ, ಯಾರೂ ಏನೂ ಹೇಳಿಲ್ಲ, ಕರೆಂಟೂ ಉಳಿಯುತ್ತಂತೆ" ಅಂದಳು ನಾದಿನಿ. ಕರೆಂಟ್ ಉಳಿಯುತ್ತದೆ, ಒಪ್ಪುತ್ತೇನೆ. ಟ್ಯಾಂಕಿನಲ್ಲಿ ಬಿಸಿ ನೀರು ಸುಮ್ಮನೆ ಕೂತು ಆರುವ ನಷ್ಟ ಇದರಲ್ಲಿ ಇಲ್ಲ. ಆದರೆ ಸ್ನಾನಕ್ಕೆ ಮೊದಲು ಹಾಕಿ, ಆಮೇಲೆ ಆರಿಸುವ ಮನೆಯಲ್ಲಿ ಆ ನಷ್ಟ ಎಷ್ಟಿರುತ್ತದೆ? ಅದೇ ನೀರನ್ನು ಅಷ್ಟೇ ಡಿಗ್ರಿ ಏರಿಸಲು ಅಷ್ಟೇ ಶಾಖ ಬೇಕು, ಟ್ಯಾಂಕ್ ಇರಲಿ ಬಿಡಲಿ. ಕೊಡದಿದ್ದ ಶಾಖವನ್ನು ಉಳಿತಾಯ ಅನ್ನುವುದಾದರೆ ತಣ್ಣೀರೇ ಅತಿ ದೊಡ್ಡ ಉಳಿತಾಯ.

ಯಾರೂ ಏನೂ ಹೇಳಿಲ್ಲ ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ಮನಾದೆ. ಯಾಕೆ ಅಂತ ಇಲ್ಲಿ ಹೇಳುತ್ತೇನೆ, ತಮ್ಮನಿಗೂ ಗೊತ್ತಿಲ್ಲ. ಅಮ್ಮ ಒಬ್ಬರೇ ಇದ್ದಾಗ ಅವರ ಬಚ್ಚಲಿಗೆ ಆ 3 ಲೀಟರಿನ ಡಬ್ಬ ತಂದು ಹಾಕಿಸಿದ್ದು ನಾನೇ. ವಯಸ್ಸಾದವರು, ಬೇಗ ಬಿಸಿಯಾಗಲಿ ಅಂತ. ಲೆಕ್ಕ ಹಾಕಲಿಲ್ಲ. 'ಇನ್‌ಸ್ಟಂಟ್' ಅಂತ ಬರೆದಿತ್ತು, ತಂದೆ. ಒಂದು ಚಳಿಗಾಲ ಪೂರ್ತಿ ಅಮ್ಮ ಅರೆಬಿಸಿ ನೀರಿನಲ್ಲಿ ಮಿಂದರು. ಮುಂದಿನ ಸಲ ಹೋದಾಗ ನಾನೇ ಸ್ನಾನಕ್ಕಿಳಿದು, ನಡುಗುತ್ತಾ ಹೊರಬಂದು ಕೇಳಿದೆ. "ನೀನು ತಂದುಕೊಟ್ಟಿದ್ದಲ್ವಾ, ಚೆನ್ನಾಗೇ ಇರುತ್ತೆ ಅಂದ್ಕೊಂಡೆ" ಅಂದರು. ಆ ವರ್ಷವೂ ನಾನು ಶಾಲೆಯಲ್ಲಿ ಇದೇ ಲೆಕ್ಕಕ್ಕೆ ಐದು ಅಂಕ ಇಟ್ಟಿದ್ದೆ.

ಆದ್ದರಿಂದ ಯಾವ ಬ್ರ್ಯಾಂಡ್ ಒಳ್ಳೆಯದು ಅಂತ ಕಾಮೆಂಟಿನಲ್ಲಿ ಕೇಳಬೇಡಿ. ಮೊದಲು ಬಕೆಟ್ ಇಟ್ಟು ಅಳೆಯಿರಿ. ವರ್ಷದ ಅತಿ ತಣ್ಣನೆಯ ದಿನ ನಲ್ಲಿಯ ನೀರು ಎಷ್ಟು ಡಿಗ್ರಿ ಇರುತ್ತದೆ ನೋಡಿ, ಬೇಸಿಗೆಯದ್ದಲ್ಲ. 12 ಡಿಗ್ರಿ ಇದ್ದರೆ, 40ಕ್ಕೆ ಏರಿಸಲು ಅದೇ 8 ಲೀಟರಿಗೆ ಹದಿನೈದೂವರೆ ಕಿಲೋವ್ಯಾಟ್ ದಾಟುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನವರು ಕಾಯಿಲಿಗೆ ಬಿಳಿ ಪದರ ಕಟ್ಟುತ್ತದೆ ಅನ್ನುವುದನ್ನೂ ನೆನಪಿಡಿ. ಹೀಟರ್ ದೂರ ಇಡಬೇಡಿ. ಅರ್ಧ ಇಂಚಿನ ಪೈಪ್ ಹತ್ತು ಮೀಟರ್ ಇದ್ದರೆ ಪ್ರತಿ ಸಲ ಒಂದೆರಡು ಲೀಟರಿನಷ್ಟು ತಣ್ಣೀರು ಹೊರಗೆ ಬಂದ ಮೇಲೇ ಬಿಸಿ ಬರುವುದು. ಇನ್‌ಸ್ಟಂಟ್!

ತಮ್ಮನ ಮನೆಯ ಹೀಟರ್ ವಾಶ್ ಬೇಸಿನ್ನಿಗೆ ಹೋಗುತ್ತದೆ, ಸರಿಯಾದ ಲೈನ್ ಎಳೆಸಿದ ಮೇಲೆ. ಅಲ್ಲಿ ನಿಮಿಷಕ್ಕೆ ಎರಡು ಲೀಟರ್ ಸಾಕು. 32 ಡಿಗ್ರಿ ಏರಿಸುವ ಶಕ್ತಿ ಅದಕ್ಕಿದೆ, ಅಲ್ಲಿ ಅದು ರಾಜ. ಬಚ್ಚಲಿಗೆ ಮತ್ತೆ ಟ್ಯಾಂಕಿನದ್ದೇ ಹಾಕಿಸಿ ಅಂದು ಬಂದೆ.

ಇದನ್ನು ಬರೆಯುತ್ತಿರುವಾಗಲೇ ತಮ್ಮನ ಮಗನ ಮೆಸೇಜ್ ಬಂತು. "ಅತ್ತೆ, ಎಷ್ಟು ಲೀಟರಿನದ್ದು ತಗೊಳ್ಳಲಿ?" ಟ್ಯಾಂಕಿನ ಗೀಸರಿಗೆ ಕೇಳಬೇಕಾದ ಪ್ರಶ್ನೆ ಅದೇ, ಹುಡುಗನ ತಪ್ಪೇನಿಲ್ಲ. ಆದರೂ ಅರ್ಧ ಗಂಟೆ ಬಿಟ್ಟು '25' ಅಂತ ಕಳಿಸಿದೆ.