ಹಸ ಹುಡುಕಿದರೆ ಹಸು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಆಷಾಢದಲ್ಲಿ ಇರುವುದು ಎರಡೇ ಉದ್ಯೋಗ: ಹಲಸಿನ ಹಪ್ಪಳ ಸುಡುವುದು, ಕರೆಂಟಿಗೆ ಕಾಯುವುದು. ಈ ಸಲ ಮೂರನೆಯದನ್ನು ನಾನೇ ಮೈಮೇಲೆ ಎಳೆದುಕೊಂಡೆ. ದೊಡ್ಡಪ್ಪನ ಲೆಕ್ಕದ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿ, ಬೇಕಾದದ್ದನ್ನು ಕ್ಷಣದಲ್ಲಿ ಹುಡುಕಿಕೊಡುತ್ತೇನೆಂದು ಊಟದ ಎಲೆಯ ಮುಂದೆ ಘೋಷಿಸಿಬಿಟ್ಟೆ.

ಇಂಥ ಪ್ರೋಗ್ರಾಂ ಬರೆಯಲು ಬಳಸುವ ಜಾಂಗೋ ರೆಸ್ಟ್ ಫ್ರೇಮ್‌ವರ್ಕ್‌ನಲ್ಲಿ, ದಾಖಲೆಗಳ ಪಟ್ಟಿ ಕೊಡುವುದಕ್ಕೆ ಲಿಸ್ಟ್‌ಎಪಿಐವ್ಯೂ ಎಂಬ ಸಿದ್ಧ ಅಡುಗೆ ಇದೆ. ಆದರೆ ಸಿದ್ಧ ಅಡುಗೆ ಬಡಿಸಿದರೆ ನನ್ನ ಕೈರುಚಿ ತಿಳಿಯುವುದು ಹೇಗೆ? ಬರಿಯ ಎಪಿಐವ್ಯೂ (ಕೇಳಿದ್ದಕ್ಕೆ ಉತ್ತರ ಕೊಡುವ ಕೋಡಿಗೆ ವ್ಯೂ ಎಂದು ಹೆಸರು) ಹಿಡಿದು, ದಾಖಲೆ ಕೇಳಿದಾಗ ಓಡುವ ಗೆಟ್ ಮೆಥಡ್ಡನ್ನು ಸ್ವಂತ ಬರೆದೆ. ಮೇಲೆ ಫಿಲ್ಟರ್ ಬ್ಯಾಕೆಂಡ್ಸ್ ಸಾಲಿನಲ್ಲಿ ಹುಡುಕಿ ಸೋಸುವ ಸರ್ಚ್‌ಫಿಲ್ಟರನ್ನೂ ಸರ್ಚ್ ಫೀಲ್ಡ್ಸ್ ಸಾಲಿನಲ್ಲಿ 'ವಿವರ' ಎಂಬ ಅಂಕಣವನ್ನೂ ಬರೆದಿಟ್ಟೆ. 'ಗೊರಬಲು' ಎಂದು ಹುಡುಕಿದೆ. ರಾಶಿ, ಬೆಟ್ಟೆ, ಹಸ, ಗೊರಬಲು ಎಂಬ ಅಡಿಕೆಯ ಜಾತಿಗಳು, ಜೊತೆಗೆ ಗೊಬ್ಬರ ಮತ್ತು ಆಳಿನ ಸಂಬಳ, ಎಲ್ಲವೂ ದಿಬ್ಬಣದಂತೆ ಇಳಿದು ಬಂದವು.

ತಪ್ಪಿನ ಸಂದೇಶವಾದರೂ ಬಂದಿದ್ದರೆ ಬೈಯುವುದಕ್ಕೆ ಯಾರೋ ಒಬ್ಬರು ಸಿಗುತ್ತಿದ್ದರು. ಅದೂ ಇಲ್ಲ. ಕಾಗುಣಿತ ತಿದ್ದಿದೆ, ಸರ್ವರ್ ನಿಲ್ಲಿಸಿ ಎಬ್ಬಿಸಿದೆ, ಕೊನೆಗೆ ಮಳೆಯನ್ನೂ ಅನುಮಾನಿಸಿದೆ. ನಡುವೆ ಕರೆಂಟು ಎರಡು ಸಲ ಹೋಯಿತು. ದೊಡ್ಡಪ್ಪ ಅಷ್ಟರಲ್ಲಿ ಪುಸ್ತಕ ತೆರೆದು, ಬೆರಳಿಗೆ ಎಂಜಲು ಹಚ್ಚಿ, ಗೊರಬಲಿನ ಪುಟ ತೆಗೆದು ಎದುರಿಗೆ ಇಟ್ಟಿದ್ದರು.

ಕಾರಣ ಇಷ್ಟೇ. ಆ ಎರಡು ಸಾಲುಗಳನ್ನು ನೋಡಿ ಸೋಸುವ ಕೆಲಸ ಲಿಸ್ಟ್‌ಎಪಿಐವ್ಯೂನಂಥ ಸಿದ್ಧ ವ್ಯೂಗಳದ್ದು. ಬರಿಯ ಎಪಿಐವ್ಯೂ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಜರಡಿಯನ್ನು ಮೊಳೆಗೆ ತೂಗುಹಾಕಿ ನಾನು ಹಿಟ್ಟಿನ ಮುಂದೆ ಕಾದು ಕುಳಿತಿದ್ದೆ. ಗೆಟ್ ಒಳಗೆ ಸರ್ಚ್‌ಫಿಲ್ಟರನ್ನು ನಾನೇ ಕರೆದು, ಅದರ ಫಿಲ್ಟರ್ ಕ್ವೆರಿಸೆಟ್‌ಗೆ ರಿಕ್ವೆಸ್ಟ್, ದಾಖಲೆಗಳು, ಸೆಲ್ಫ್ (ಅಂದರೆ ಈ ವ್ಯೂವೇ) ಮೂರನ್ನೂ ಒಪ್ಪಿಸಿದೆ. ಒಂದೇ ಸಾಲು. ಆ ಸೆಲ್ಫ್ ಇಲ್ಲದಿದ್ದರೆ ಯಾವ ಅಂಕಣದಲ್ಲಿ ಹುಡುಕಬೇಕೆಂಬುದು ಅದಕ್ಕೆ ತಿಳಿಯದು.

ಗೊರಬಲು ಒಂಟಿಯಾಗಿ ಬಂದು ನಿಂತಿತು. ಗೆದ್ದ ಹುಮ್ಮಸ್ಸಿನಲ್ಲಿ "ಈಗ ನೀವೇ ಹುಡುಕಿ" ಎಂದು ದೊಡ್ಡಪ್ಪನನ್ನು ಕೂರಿಸಿದೆ. ಅವರು ಒಂದೇ ಬೆರಳಿನಲ್ಲಿ 'ಹಸ' ಒತ್ತಿದರು. ಹಸ ಬಂತು, ಬೆನ್ನಿಗೆ ಹಸಿ ಅಡಿಕೆ, ಹಸಿರೆಲೆ ಗೊಬ್ಬರ, ಕೊನೆಯಲ್ಲಿ ಒಂದು ಹಸು. ಸರ್ಚ್‌ಫಿಲ್ಟರ್ ಪೂರ್ತಿ ಪದವನ್ನಷ್ಟೇ ನೋಡುವುದಿಲ್ಲ, ಪದದೊಳಗಿನ ತುಂಡನ್ನೂ ಹಿಡಿಯುತ್ತದೆ. ಕಂಪ್ಯೂಟರಿಗೆ ಗುಡಿಸು, ಕೊಂಬು ಎಲ್ಲ ಬೇರೆಯೇ ಅಕ್ಷರಗಳಾದ್ದರಿಂದ ಹಸುವಿನ ಹೊಟ್ಟೆಯಲ್ಲಿ ಹಸ ಇದ್ದೇ ಇರುತ್ತದೆ. ಅಡಿಕೆಯ ಜಾತಿಗೆ ಬೇರೆ ಅಂಕಣ ಮಾಡಿ, ಸರ್ಚ್ ಫೀಲ್ಡ್ಸ್‌ನಲ್ಲಿ ಅದರ ಹೆಸರಿನ ಮೊದಲಿಗೆ ಸಮ ಚಿಹ್ನೆ ಇಟ್ಟರೆ ಪೂರ್ತಿ ಹೊಂದಿದ್ದಷ್ಟೇ ಬರುತ್ತದೆ ಎಂದು ವಿವರಿಸುತ್ತ ಕೀಲಿಮಣೆಗೆ ಕೈ ಹಾಕಿದೆ.

ದೊಡ್ಡಪ್ಪ ನನ್ನ ಕೈ ತಡೆದರು. ಕನ್ನಡಕ ಏರಿಸಿ ಹಸುವಿನ ಸಾಲನ್ನು ಎರಡು ಸಲ ಓದಿದರು. ಮೂರು ವರ್ಷದ ಹಿಂದೆ ಆಚೆಮನೆಗೆ ಮಾರಿದ್ದು; ಅರ್ಧ ದುಡ್ಡು ಇನ್ನೂ ಬಾಕಿ.

"ಇದನ್ನು ರಿಪೇರಿ ಮಾಡಬೇಡ" ಎಂದವರೇ ಕೊಡೆ ಹುಡುಕಲು ಎದ್ದರು.