ಬೆನ್ನಿನ ನೀರಿಗೆ ಯಾಕಿಷ್ಟು ಹೆದರಿಕೆ?

ರಕ್ತ ಕೊಟ್ಟರೆ ಎಲ್ಲ ರೋಗ ಗೊತ್ತಾಗುತ್ತೆ ಅನ್ನೋ ನಂಬಿಕೆ ನಮ್ಮ ಬಾಗಲಕೋಟೆ ಕಡೆ ಬಹಳ ಗಟ್ಟಿ. ಸಾವಿರಾರು ರೂಪಾಯಿಯ ಫುಲ್ ಬಾಡಿ ಚೆಕಪ್ ಮಾಡಿಸಲು ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಅದೇ ಡಾಕ್ಟರು "ಬೆನ್ನಿನ ನೀರು ತೆಗೆದು ಟೆಸ್ಟ್ ಮಾಡಬೇಕು" ಅಂದರೆ ಸಾಕು, ಇಡೀ ಮನೆತನ ಸಭೆ ಸೇರುತ್ತದೆ. ಸೋದರಮಾವನಿಗೆ ಫೋನ್ ಹೋಗುತ್ತದೆ. "ಬ್ಯಾಡ್ರಿ, ಕಾಲು ಹೋಗ್ತಾವು" ಅಂತ ಊರಿಂದ ತೀರ್ಪು ಬರುತ್ತದೆ.

ನಾನು ಡಾಕ್ಟರ್ ಅಲ್ಲ, ಲ್ಯಾಬ್‌ನವನು. ಬೆನ್ನಿನ ನೀರು ಅಂದರೆ ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವ; ಸೂಜಿಯಿಂದ ತೆಗೆದ ಆ ನೀರನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ಕೋಶ ಎಣಿಸುವುದು ನನ್ನ ಕೆಲಸ. ಅದಕ್ಕೇ ಈ ವಿಷಯದಲ್ಲಿ ಸುಮ್ನೆ ಇರೋಕೆ ಆಗೋದಿಲ್ಲ.

ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ಕಾಯಿಲೆಯನ್ನೇ ತಗೊಳ್ಳಿ. ಎಂಎಸ್ ಅಂತಾರೆ. ಹೆಚ್ಚಾಗಿ 20ರಿಂದ 40 ವಯಸ್ಸಿನವರಿಗೆ ಬರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮುಧೋಳ ಕಡೆಯ ಒಬ್ಬ ಹುಡುಗಿಗೆ ಮೊದಲು ಒಂದು ಕಣ್ಣು ಮಂಜಾಯಿತು. ಕೆಲವು ವಾರಕ್ಕೆ ತಾನೇ ಸರಿಹೋಯಿತು. ಆಮೇಲೆ ಕಾಲು ಜೋಮು. ಬಿಸಿಲಿಗೆ ಹೋದರೆ ಕಣ್ಣು ಮತ್ತೆ ಮಸುಕು. ಮೈ ಬಿಸಿಯಾದಾಗ ಎಂಎಸ್ ಲಕ್ಷಣ ಸ್ವಲ್ಪ ಹೊತ್ತು ಜೋರಾಗುವುದು ಬಹಳ ಹಿಂದಿನಿಂದಲೂ ಡಾಕ್ಟರುಗಳಿಗೆ ಗೊತ್ತಿದೆ. ನಮ್ಮ ಏಪ್ರಿಲ್ ಬಿಸಿಲು ಕೇಳಬೇಕೆ? ಆದರೆ ಅವಳ ರಕ್ತದ ರಿಪೋರ್ಟ್ ಪೂರ್ತಿ ನಾರ್ಮಲ್. ಹಿಮೋಗ್ಲೋಬಿನ್ ಸರಿ, ಶುಗರ್ ಸರಿ, ಥೈರಾಯ್ಡ್ ಸರಿ. "ಟೆನ್ಶನ್ ಮಾಡ್ಕೊಂಡಾಳ, ಅಷ್ಟ" ಅಂದರು ಮನೆಯವರು.

ಎಂಎಸ್‌ನಲ್ಲಿ ನಮ್ಮದೇ ರಕ್ಷಣಾ ಕೋಶಗಳು ಮಿದುಳು, ಬೆನ್ನುಹುರಿ, ಕಣ್ಣಿನ ನರದೊಳಗೆ ನುಗ್ಗಿ, ನರದ ಮೇಲಿನ ಮೈಲಿನ್ ಪೊರೆಯನ್ನು ಹಾಳು ಮಾಡುತ್ತವೆ. ರಕ್ತದ ಒಂದು ಮೈಕ್ರೋಲೀಟರ್‌ನಲ್ಲಿ 4,000ದಿಂದ 11,000 ಬಿಳಿ ಕೋಶಗಳಿರುತ್ತವೆ. ಬೆನ್ನಿನ ನೀರಿನಲ್ಲಿ? 5ರೊಳಗೆ. ನಡುವೆ ಅಷ್ಟು ಬಿಗಿಯಾದ ತಡೆ ಇದೆ. ತಪ್ಪು ದಾರಿ ಹಿಡಿದ ಒಂದಷ್ಟು ಕೋಶ ತಡೆ ದಾಟಿ ಒಳಗೆ ಹೋದರೂ ರಕ್ತದ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ. ಸಂತೆಯಲ್ಲಿ ನಿಂತು ಮನೆಯೊಳಗಿನ ಜಗಳ ಕೇಳಿಸಿಕೊಳ್ಳೋಕೆ ಆಗುತ್ತಾ?

ಎಂಎಸ್ ಇದ್ದವರ ನೀರು ನೋಡಲು ಶುದ್ಧ, ಬಾಟಲಿ ನೀರಿನ ಹಾಗೆ. ಒಂದು ಹನಿಯನ್ನು ಕೋಶ ಎಣಿಸುವ ಗಾಜಿನ ಚೇಂಬರ್‌ಗೆ ಹಾಕಿ ಫೋಕಸ್ ಮಾಡಿದರೆ ಗೆರೆಗಳ ಚೌಕದಲ್ಲಿ ಅಲ್ಲೊಂದು ಇಲ್ಲೊಂದು ದುಂಡನೆಯ ಲಿಂಫೋಸೈಟ್, ಅಂದರೆ ಒಂದು ಬಗೆಯ ಬಿಳಿ ಕೋಶ. ಕೆಲವರಲ್ಲಿ ಲೆಕ್ಕ ನಾರ್ಮಲ್ಲೇ ಇರುತ್ತದೆ. ಕೆಲವರಲ್ಲಿ ಸ್ವಲ್ಪ ಜಾಸ್ತಿ, 50 ದಾಟುವುದು ಅಪರೂಪ. ತುಂಬಾ ಜಾಸ್ತಿ ಬಂದರೆ ಟಿಬಿ ಅಥವಾ ಬೇರೆ ಸೋಂಕಿನ ಕಡೆ ಡಾಕ್ಟರು ಯೋಚಿಸುತ್ತಾರೆ. ಲಿಂಫೋಸೈಟ್‌ನಲ್ಲಿ ಟಿ, ಬಿ ಅಂತ ಬಗೆಗಳಿವೆ; ಎಂಎಸ್‌ ನೀರಿನಲ್ಲಿ ಕಾಣುವುದು ಬಹುಪಾಲು ಟಿ ಕೋಶ. ಬಿ ಕೋಶ ಕಡಿಮೆ, ಆದರೆ ಕಿತಾಪತಿ ಅವುಗಳದ್ದು ಕಡಿಮೆ ಏನಲ್ಲ. ಅವುಗಳಿಂದ ಹುಟ್ಟಿದ ಪ್ಲಾಸ್ಮಾ ಕೋಶಗಳು ಒಳಗೇ ಬಿಡಾರ ಹೂಡಿ ಆಂಟಿಬಾಡಿ ತಯಾರಿಸುತ್ತವೆ. ಜೆಲ್ ಮೇಲೆ ಕರೆಂಟ್ ಕೊಟ್ಟು ಓಡಿಸಿದಾಗ ಅವು ಸಾಲು ಸಾಲು ಪಟ್ಟೆಯಾಗಿ ಕಾಣುತ್ತವೆ. ಆಲಿಗೋಕ್ಲೋನಲ್ ಬ್ಯಾಂಡ್ ಅಂತಾರಲ್ಲ, ಅದೇ. ಬೆನ್ನಿನ ನೀರಿನಲ್ಲಿ ಇದ್ದು ರಕ್ತದಲ್ಲಿ ಇರದ ಪಟ್ಟೆ ಬೇಕು, ಎರಡಾದರೂ. ಮೊದಲ ಸಲ ತೊಂದರೆ ಬಂದು, ಎಂಆರ್‌ಐಯಲ್ಲೂ ಎಂಎಸ್‌ಗೆ ಒಪ್ಪುವ ಕಲೆಗಳಿದ್ದರೆ, ಎರಡನೇ ಏಟಿಗೆ ಕಾಯದೆ ಈ ಪಟ್ಟೆಗಳ ಆಧಾರದ ಮೇಲೆ ಎಂಎಸ್ ಅಂತ ಹೇಳಲು 2017ರ ಮಾನದಂಡದಲ್ಲಿ ಅವಕಾಶ ಕೊಟ್ಟರು. ಬೇಗ ಗೊತ್ತಾದರೆ ಔಷಧಿ ಬೇಗ ಶುರು. ಒಂದು ಸೂಜಿಯಿಂದ ಇಷ್ಟು ಲಾಭ ಇರುವಾಗ ಬೇಡ ಅನ್ನೋದು ಯಾವ ಲೆಕ್ಕ?

ರಕ್ತ ಪರೀಕ್ಷೆ ದಂಡ ಅಂತ ನಾನು ಹೇಳ್ತಿಲ್ಲ. ಬಿ12 ಕೊರತೆ ಇದೆಯಾ ನೋಡಲು ಅದೇ ಬೇಕು. ಎಂಎಸ್ ತರಾನೇ ಕಾಣುವ ಎನ್‌ಎಂಒ ಅನ್ನೋ ಇನ್ನೊಂದು ಕಾಯಿಲೆ ಇದೆ, ಅದರ ಆಂಟಿಬಾಡಿ ಸಿಗುವುದು ರಕ್ತದಲ್ಲೇ. ಎಂಎಸ್‌ನ ಕೆಲವು ಔಷಧಿ ಎನ್‌ಎಂಒ ಇದ್ದವರಿಗೆ ಕೊಟ್ಟರೆ ಕಾಯಿಲೆ ಕೆರಳುತ್ತದೆ. ಹಾಗಾಗಿ ಎರಡೂ ಪರೀಕ್ಷೆ ಬೇಕು.

ಮಜಾ ಏನಂದರೆ, ರೋಗದ ಗುರುತು ಬೆನ್ನಿನ ನೀರಿನಲ್ಲಿ, ಆದರೆ ಔಷಧಿಯ ಆಟ ರಕ್ತದಲ್ಲಿ. ನಟಾಲಿಜುಮಾಬ್ ಕೊಟ್ಟರೆ ಕೋಶಗಳು ರಕ್ತನಾಳದ ಗೋಡೆ ದಾಟಲಾರವು. ನೀರಿನಲ್ಲಿ ಕಡಿಮೆಯಾಗುತ್ತವೆ, ರಕ್ತದಲ್ಲಿ ಜಾಸ್ತಿಯಾಗುತ್ತವೆ. ಕಾವಲಿಲ್ಲದ ಮಿದುಳಿಗೆ ಜೆಸಿ ವೈರಸ್ ತಗಲುವ ಅಪಾಯವೂ ಇದೆ, ಅದಕ್ಕೇ ಅಷ್ಟು ನಿಗಾ. ನಮ್ಮಲ್ಲಿ ಜಾಸ್ತಿ ಬಳಸುವ ರಿಟುಕ್ಸಿಮಾಬ್ ಬಿ ಕೋಶಗಳನ್ನೇ ತೆಗೆದುಹಾಕುತ್ತದೆ. ಫಿಂಗೋಲಿಮಾಡ್ ಮಾತ್ರೆ ಲಿಂಫೋಸೈಟ್‌ಗಳನ್ನು ಕುತ್ತಿಗೆ, ಕಂಕುಳಲ್ಲಿರುವಂಥ ಲಿಂಫ್ ಗಂಟುಗಳಲ್ಲೇ ತಡೆದು ಕೂರಿಸುತ್ತದೆ. ಆಗ ರಿಪೋರ್ಟ್‌ನಲ್ಲಿ ಲಿಂಫೋಸೈಟ್ ಎದುರು ಕೆಂಪು ಬಾಣದ ಗುರುತು ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಇಮ್ಯುನಿಟಿ ಹೆಚ್ಚಿಸುವ ಕಷಾಯ, ಪುಡಿ ತರುವವರಿದ್ದಾರೆ. ಅಣ್ಣಾರ, ಅಕ್ಕಾರ, ಅದು ಕಡಿಮೆ ಆಗಲಿ ಅಂತಲೇ ಮಾತ್ರೆ ಕೊಟ್ಟಿರೋದು! ಎಷ್ಟು ಕಡಿಮೆಯಾದರೆ ನಿಲ್ಲಿಸಬೇಕು ಅನ್ನೋದನ್ನು ನ್ಯೂರೋ ಡಾಕ್ಟರು ನೋಡಿಕೊಳ್ಳುತ್ತಾರೆ, ಪುಡಿ ಮಾರುವವನಲ್ಲ.

ಇನ್ನು ಕಾಲು ಹೋಗುವ ಮಾತು. ಬೆನ್ನುಹುರಿ ಸೊಂಟದ ಮೊದಲ ಎರಡು ಮಣಿಗಳ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಸೂಜಿಯೂ ಆ ಜಾಗದಲ್ಲೇ. ಅಲ್ಲಿಗೆ ಎಷ್ಟು ಮನೆಗಳಲ್ಲಿ ತಾಯಂದಿರು ಇದನ್ನು ಆಗಲೇ ದಾಟಿ ಬಂದಿದ್ದಾರೆ ಲೆಕ್ಕ ಹಾಕಿ. ನೀರು ಖಾಲಿಯಾಗುತ್ತೆ ಅನ್ನೋ ಭಯವೂ ಬೇಡ. ಒಟ್ಟು ಇರುವುದು ಸುಮಾರು 150 ಎಂಎಲ್, ದಿನಕ್ಕೆ ಹೊಸದಾಗಿ ಹುಟ್ಟುವುದು ಸುಮಾರು 500 ಎಂಎಲ್. ತಲೆನೋವು ಮಾತ್ರ ಕೆಲವರಿಗೆ ಬರುತ್ತದೆ, ಎದ್ದು ಕೂತರೆ ಜೋರು, ಮಲಗಿದರೆ ಕಡಿಮೆ. ಅದನ್ನು ಮುಚ್ಚಿಡಬಾರದು. ಮೊನೆ ಹರಿತವಿಲ್ಲದ ಸೂಜಿ ಬಳಸಿದರೆ ಅದೂ ಕಡಿಮೆ. ಅಂಥ ಸೂಜಿ ಇದೆಯಾ ಅಂತ ಕೇಳಿ, ಕೇಳೋಕೆ ಸಂಕೋಚ ಯಾಕೆ?

ಇನ್ನೊಂದು ಕೇಳಬೇಕಾದದ್ದು: ನೀರಿನ ಜೊತೆ ರಕ್ತದ ಸ್ಯಾಂಪಲ್ಲೂ ಹೋಯ್ತಾ ಅಂತ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದಿದ್ದರೆ ಆ ಪಟ್ಟೆಗಳಿಗೆ ಅರ್ಥವಿಲ್ಲ. ಒಮ್ಮೆ ನಮ್ಮಲ್ಲಿಗೆ ಬರೀ ನೀರು ಬಂತು. ಪೇಷಂಟ್ ಆಗಲೇ ಜಮಖಂಡಿ ಬಸ್ ಹತ್ತಿಯಾಗಿತ್ತು. ಫೋನ್ ಮಾಡಿ, ಅವರ ಅಣ್ಣನ ಬೈಗುಳ ಕೇಳಿ, ವಾಪಸ್ ಕರೆಸಿ ರಕ್ತ ತೆಗೆದು ಎರಡನ್ನೂ ಒಟ್ಟಿಗೆ ಕಳಿಸಿದೆವು.